ಟೈಲರ್ ಕಾಲರಿನ ಸೂಜಿ

ನಮ್ಮೂರಿನ ಟೈಲರ್ ತಮ್ಮ ಅಂಗಿಯ ಕಾಲರಿಗೆ ಯಾವಾಗಲೂ ಒಂದು ಸೂಜಿ ಚುಚ್ಚಿಕೊಂಡಿರುತ್ತಿದ್ದರು. ಬೆಟ್ಟದಪುರದ ಸಂತೆಗೆ ಹೋಗಿ ಕುಡಿದರೆ, ಸೈಕಲ್ ಹತ್ತುವ ಮೊದಲು ಆ ಸೂಜಿ ತೆಗೆದು, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಪೋಣಿಸುತ್ತಿದ್ದರು. "ದಾರ ಹೋದ್ರೆ ತುಳ್ಕೊಂಡ್ ಹೋಯ್ತೀನಿ, ಇಲ್ದಿದ್ರೆ ತಳ್ಕೊಂಡ್ ಹೋಯ್ತೀನಿ" ಎನ್ನುವರು. ತಳ್ಳಿಕೊಂಡು ಹೋದದ್ದನ್ನು ನಾನಂತೂ ಕಂಡಿಲ್ಲ.

ಒಂದು ಸಂಜೆ ಬ್ರಾಂದಿ ಅಂಗಡಿಯ ಮುಂದೆ ಸಿಕ್ಕರು. ಕಾಲು ತೊಡರುತ್ತಿತ್ತು.

"ಸೈಕಲ್ ಕೊಡಿ, ನಾನ್ ತುಳಿತೀನಿ" ಎಂದೆ.

ಅವರು ಕಾಲರಿನ ಸೂಜಿ ತೆಗೆದರು. ದಾರ ಒಂದೇ ಸಲಕ್ಕೆ ಹೋಯಿತು.

"ನೋಡುದ್ರಾ ಮೇಷ್ಟ್ರೇ? ಕೂತ್ಕಳಿ."

ಒಬ್ಬರನ್ನೇ ಬಿಡಲು ಮನಸ್ಸಾಗದೆ ಹಿಂದೆ ಕೂತೆ. ಕೆರೆ ಏರಿಯ ಮೇಲೆ ಹೊಗೆಸೊಪ್ಪು ಹೇರಿದ ಟ್ರ್ಯಾಕ್ಟರ್ ಎದುರಾಯಿತು. ಸೈಕಲ್ ಅದರ ಕಡೆಗೇ ವಾಲತೊಡಗಿತು.

"ಎಡಕ್ಕೆ! ಎಡಕ್ಕೆ ಕಣ್ರೀ!"

ಅವರಿಗೆ ಕೇಳಿಸಲೇ ಇಲ್ಲ. ಸೊಂಟ ಹಿಡಿದು ಎಳೆದೆ. ಇಬ್ಬರೂ ರಸ್ತೆಯಂಚಿನ ಪೊದೆಗೆ ಬಿದ್ದೆವು. ಕಳಚಿಬಿದ್ದಿದ್ದ ಅವರ ಚಪ್ಪಲಿಯ ಮೇಲೆ ಟ್ರ್ಯಾಕ್ಟರ್ ಚಕ್ರ ಹರಿದುಹೋಯಿತು.

ಅವರ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಅದರ ಕಡೆ ನೋಡದೆ ಕಾಲರಿನ ಸೂಜಿ ತೆಗೆದು, ದಾರ ಬಿಚ್ಚಿ, ಮತ್ತೆ ಪೋಣಿಸಿದರು. ಆ ಮಬ್ಬಿನಲ್ಲೂ ದಾರ ಒಂದೇ ಸಲಕ್ಕೆ ಹೋಯಿತು. ಮತ್ತೊಮ್ಮೆ ಬಿಚ್ಚಿ, ಈ ಸಲ ಕಣ್ಣು ಮುಚ್ಚಿಕೊಂಡು ಪೋಣಿಸಿದರು. ಆಗಲೂ ಹೋಯಿತು.

"ನಾನ್ ಕುಡ್ದಿರೋದೇ ಈ ಕೈಗೆ ಗೊತ್ತಾಗಕಿಲ್ವಲ್ಲ ಮೇಷ್ಟ್ರೇ" ಎಂದರು. "ಇಷ್ಟ್ ದಿನ ಎಂಗ್ ಮನೆ ಸೇರ್ದೆ ನಾನು?"

ಸೂಜಿಯನ್ನು ಮತ್ತೆ ಕಾಲರಿಗೆ ಚುಚ್ಚಲು ಹೋದರು. ಆ ಕೈ ನಡುಗಿದ್ದನ್ನು ನಾನು ಕಂಡದ್ದು ಅದೇ ಮೊದಲು.