ವಾರಿಜಕ್ಕನ ಹೆಸರಿನಲ್ಲಿ

ವಾರಿಜಕ್ಕ, ನಿಮ್ಮ ತಮ್ಮ ಸದಾನಂದ ನಿಮ್ಮನ್ನು ಹುಡುಕಿದ್ದ — ಅವನಿಗೆ ನಿಮ್ಮ ಹೆಸರಿನಲ್ಲಿ ಉತ್ತರ ಬರೆದವಳು ನಾನು. ಐದು ತಿಂಗಳು ನಾನೇ ಅವನ ಅಕ್ಕನಾಗಿದ್ದೆ. ನಿಮಗೆ ತಿಳಿಸಲೇ ಇಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಬೊಂಬಾಯಿಯ ಈ ವಡಾಲದ ಬಿಲ್ಡಿಂಗಿನಲ್ಲಿ ಆಗಲೂ ನಮ್ಮದು ಎದುರುಬದುರು ಬಾಗಿಲು. ಮೈಸೂರಿನಿಂದ ಬಂದ ನನಗೆ ಸಂಶೋಧನಾ ಸಂಸ್ಥೆಯೊಂದರ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ. ಅಲ್ಲಿಯ ಯಂತ್ರ ಟೆಲಿಫೋನ್ ತಂತಿಯ ಮೂಲಕ ಹೊರದೇಶದ ಯಂತ್ರಗಳೊಡನೆ ಮಾತಾಡುತ್ತಿತ್ತು. ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡುವಾಗ ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಮುಖವೇ ಕಾಣದವರು ಅಡುಗೆ, ಕ್ರಿಕೆಟ್, ಊರಿನ ನೆನಪು ಎಂದೆಲ್ಲ ಬರೆಯುತ್ತಿದ್ದರು. ಇನ್ಯಾವುದೋ ಖಂಡದವರು ಉತ್ತರಿಸುತ್ತಿದ್ದರು. ಲೋಕವೆಲ್ಲ ಒಂದೇ ಜಗಲಿಯಲ್ಲಿ ಕೂತಂತೆ — ಆ ಬೆರಗು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅಲ್ಲೇ ಒಂದು ದಿನ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕಂಡಿತು: "ಬೊಂಬಾಯಿಯಲ್ಲಿ ಯಾರಾದರೂ ಉಡುಪಿ ಕಡೆಯ ವಾರಿಜಾಳನ್ನು ಬಲ್ಲಿರಾ? ಅವಳಿದ್ದ ಹಳೇ ಚಾಳ್‌ನ ವಿಳಾಸಕ್ಕೆ ಹಾಕಿದ ಕಾಗದ ವಾಪಸಾಗುತ್ತಿದೆ. — ತಮ್ಮ, ಸದಾನಂದ."

ಅಪ್ಪನೊಡನೆ ಜಗಳವಾಡಿ ದೇಶ ಬಿಟ್ಟುಹೋದ ತಮ್ಮ. ನೀವು ಎಷ್ಟು ಸಲ ಹೇಳಿದ್ದಿರಿ. ಆಗಲೇ ಲೋಕಲ್ ರೈಲು ಹಿಡಿದು ನಿಮ್ಮ ಬಾಗಿಲಿಗೆ ಓಡಿಬರಬೇಕಿತ್ತು. ಒಂದು ಉತ್ತರ ನೋಡಿ ಆಮೇಲೆ ಹೇಳೋಣ ಎಂದು — "ನಾನೇ ನಿನ್ನ ಅಕ್ಕ" ಎಂದು ಟೈಪ್ ಮಾಡಿದೆ.

ಮರುದಿನವೇ ಬಂತು: "ನೀನೇ ಹೌದಾದರೆ ಹೇಳು, ನನಗೆ ಜ್ವರ ಬಂದಾಗ ಏನು ಕೊಡುತ್ತಿದ್ದೆ?"

ಆ ಸಂಜೆ ನಿಮ್ಮ ಅಡುಗೆಮನೆಗೆ ಬಂದು, ಸುಮ್ಮನೆ ಎಂಬಂತೆ ಅದನ್ನೇ ಕೇಳಿದೆ.

"ಎಂತ ಕೊಡುದು ಮಾರಾಯ್ತಿ, ಗಂಜಿಯೇ. ಸುಟ್ಟ ಹಪ್ಪಳ ನಾನೇ ಪುಡಿ ಮಾಡಿ ಹಾಕ್ಬೇಕು. ಇಲ್ಲದಿದ್ರೆ ಅವ ಬಾಯಿ ತೆರಿಲಿಕ್ಕಿಲ್ಲ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಿರಿ. ನಿಮ್ಮ ಕಣ್ಣೀರನ್ನು ನೋಡಿಯೂ ನಾನು ಬಾಯಿ ಬಿಡಲಿಲ್ಲ. ಮರುದಿನ ಆ ಹಪ್ಪಳದ ಮಾತನ್ನೂ ಕದ್ದು ಅವನಿಗೆ ಬರೆದು ಕಳಿಸಿದೆ.

ಅವನು ನಂಬಿದ. ಒಡಹುಟ್ಟಿದವರಿಲ್ಲದ ನನ್ನನ್ನು ಸಮುದ್ರದಾಚೆಯಿಂದ ಒಬ್ಬ ದಿನವೂ ಅಕ್ಕಾ ಎಂದು ಕರೆಯುತ್ತಿದ್ದ — ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಆಮೇಲೆ ಬರೆದ: "ಡಿಸೆಂಬರಿನಲ್ಲಿ ಬರುತ್ತೇನೆ, ಮನೆ ವಿಳಾಸ ಕೊಡು." ಬಂದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಹೆದರಿದೆ. ಉತ್ತರಿಸಲೇ ಇಲ್ಲ. ಅವನು ಮತ್ತೆರಡು ಸಲ ಬರೆದು ಸುಮ್ಮನಾದ.

ಮೊನ್ನೆ ನೀವು ಹೊಸ ಮೊಬೈಲ್ ಹಿಡಿದು ಬಂದು, "ಇದ್ರಲ್ಲಿ ಎಲ್ಲರೂ ಸಿಗ್ತಾರಂತೆ ಅಲ್ವಾ? ನಮ್ಮ ಸದಾನಂದನನ್ನು ಒಮ್ಮೆ ಹುಡುಕಿ ಕೊಡು," ಎಂದಿರಿ. ಹುಡುಕುತ್ತೇನೆ. ಅದಕ್ಕೆ ಮೊದಲು ಇದನ್ನು ಓದಿ. ಅವನು ಬರೆದದ್ದನ್ನೆಲ್ಲ ಅಂದೇ ಮುದ್ರಿಸಿ ಇಟ್ಟುಕೊಂಡಿದ್ದೆ. ಆ ಹಾಳೆಗಳು ಈ ಪತ್ರದ ಜೊತೆಗಿವೆ. ಕೊನೆಯ ಹಾಳೆಯಲ್ಲಿ ಒಂದೇ ಸಾಲು: "ಅಕ್ಕ, ನಿನಗೂ ನನ್ನ ಮೇಲೆ ಸಿಟ್ಟಾ?"

ಅದಕ್ಕೆ ಈವರೆಗೆ ಯಾರೂ ಉತ್ತರ ಕೊಟ್ಟಿಲ್ಲ.