ಈರುಳ್ಳಿ ರಾಶಿಯ ಮುಂದೆ ಇಲಾಖಾ ಪರೀಕ್ಷೆ

ಬಡ್ತಿಗೆ ಬೇಕಾದ ಇಲಾಖಾ ಪರೀಕ್ಷೆಯಲ್ಲಿ ನಾನು ಎರಡು ಸಲ ಡುಮ್ಕಿ ಹೊಡೆದವಳು. ಓದದೆ ಅಲ್ಲ, ಓದಿಯೇ! ಗುಂಡ್ಲುಪೇಟೆಯ ಕಚೇರಿಗೆ ಹೋಗುವ ಬಸ್ಸಿನಲ್ಲಿ ಕೂತು ಸೇವಾ ನಿಯಮಗಳ ಪುಸ್ತಕಕ್ಕೆ ಹಳದಿ ಪೆನ್ನಿನಿಂದ ಗೀಟು ಎಳೆದದ್ದೇ ಎಳೆದದ್ದು. ಕೊನೆಗೆ ಇಡೀ ಪುಸ್ತಕ ಅರಿಶಿನ ಹಚ್ಚಿಸಿಕೊಂಡ ಮದುವಣಗಿತ್ತಿಯಂತಾಯಿತು, ತಲೆಗೆ ಮಾತ್ರ ಏನೂ ಹತ್ತಲಿಲ್ಲ. ಮೂರನೇ ಸಲವೂ ಹೋದರೆ, ನಾನೇ ಫೈಲು ಕಟ್ಟಲು ಕಲಿಸಿದ ಹುಡುಗಿ ನನಗಿಂತ ಮೇಲೆ ಹೋಗುತ್ತಿದ್ದಳು. ಅವಳನ್ನು 'ಮೇಡಂ' ಅನ್ನಬೇಕಲ್ಲ ಎಂದು ನೆನೆದರೇ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಆಗ ಉಡಿಗಾಲದ ನಮ್ಮ ಮನೆಯಂಗಳದಲ್ಲಿ ಸಣ್ಣ ಈರುಳ್ಳಿ ರಾಶಿ ಬಿದ್ದಿತ್ತು. ಒಂದು ಭಾನುವಾರ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಈರುಳ್ಳಿಯ ಒಣಸೊಪ್ಪು ಕತ್ತರಿಸುತ್ತ ಕೂತೆ. ಎದುರಿಗೆ ಅತ್ತೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ರುಜು ಹಾಕಲೂ ಬಾರದು.

"ಅದೇನು ಅಷ್ಟೊತ್ತಿಂದ ವಟವಟ ಅಂತೀಯೆ, ನಂಗೂ ಒಸಿ ಏಳಮ್ಮಿ," ಅಂದರು.

ಹತ್ತು ಪ್ರಶ್ನೆ, ಹತ್ತು ಉತ್ತರ ಓದಿ ಹೇಳಿದೆ. ಮಾರನೆಯ ದಿನ ನಾನು ಕಚೇರಿಯಿಂದ ಬಂದು ಚಪ್ಪಲಿ ಬಿಡುವುದರೊಳಗೆ ಹತ್ತನ್ನೂ ತಿರುಗಿ ಕೇಳಿದರು. ನನಗೆ ಬಂದದ್ದು ನಾಲ್ಕು.

"ಥೂ, ನೆನ್ನೆ ನೀನೇ ತಾನೆ ಏಳಿದ್ದು! ಬುಕ್ಕು ಮುಚ್ಚಿ ಮಡಗ್ಬುಡು. ಬಂದಿದ್ನ ಸಂತೆ ದಿನ ಕೇಳ್ತೀನಿ, ಬರ್ದೆ ಇರೋದ್ನ ನಾಳಿಕ್ಕೇ ಕೇಳ್ತೀನಿ."

ಶುರುವಾಯಿತು ನೋಡಿ ನನ್ನ ಗ್ರಹಚಾರ. ದಿನಾ ರಾತ್ರಿ ಹೊಸದಾಗಿ ಹತ್ತು ಓದಿ ಹೇಳಬೇಕು, ಆಮೇಲೆ ಮುದ್ದೆ ತೊಳಸುವಾಗ ಪ್ರಶ್ನೆ, ಬಟ್ಟೆ ಒಗೆಯುವಾಗ ಪ್ರಶ್ನೆ. ತಡವರಿಸಿದರೆ ಉತ್ತರ ಹೇಳಿಕೊಡುತ್ತಿರಲಿಲ್ಲ. "ಯೋಚ್ನೆ ಮಾಡು" ಎಂದು ಅತ್ತ ತಿರುಗಿ ಕೂರುವರು. ಎಂಥ ಮೊಂಡು ಹೆಂಗಸು ಎಂದು ಎಷ್ಟು ಸಲ ಬೈದುಕೊಂಡೆನೋ! ಒಂದು ದಿನ ಹಳೆಯ ಗೈಡು ಓದಿ, ಹೆರಿಗೆ ರಜೆ ತೊಂಬತ್ತು ದಿನ ಅಂದುಬಿಟ್ಟೆ.

"ಮೂರೇ ತಿಂಗ್ಳಾ? ಮಗಿಗೆ ರಾಗಿಸರಿ ಉಣ್ಸೋಗಂಟ ಮನೇಲೇ ಇದ್ಯಲ್ಲಮ್ಮಿ! ಆ ಬುಕ್ಕ ಒಲೆಗಾಕು."

ನಾನೇ ತೆಗೆದುಕೊಂಡ ನೂರ ಎಂಬತ್ತು ದಿನದ ರಜೆ, ನನಗೇ ನೆನಪಿಲ್ಲ! ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಚಾಮರಾಜನಗರದ ಪರೀಕ್ಷೆ ಕೋಣೆಯಲ್ಲಿ ಅದೇ ಪ್ರಶ್ನೆ ಬಂತು. ಉಳಿದವಕ್ಕೂ ಕಣ್ಣು ಮುಚ್ಚಿದರೆ ಹಳದಿ ಗೀಟು ಒಂದೂ ಕಾಣಲಿಲ್ಲ, "ಯೋಚ್ನೆ ಮಾಡು" ಎಂಬ ದನಿ ಮಾತ್ರ ಕೇಳಿಸಿತು. ಮಾಡಿದೆ, ಬರೆದೆ.

ಫಲಿತಾಂಶ ಮೊಬೈಲಿನಲ್ಲಿ ಬಂತು. "ಅತ್ತೆ, ಪಾಸು!" ಎಂದು ಕಿರುಚಿದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಬಂದು, ಮೊಬೈಲನ್ನೇ ದಿಟ್ಟಿಸಿ ಕೇಳಿದರು.

"ನಂದೆಷ್ಟು ಬಂದದೆ, ನೋಡು."

ತಮಾಷೆಯೇನೋ ಎಂದು ಮುಖ ನೋಡಿದೆ. ನಗುತ್ತಿರಲಿಲ್ಲ. ನನಗೆ ಅಳು ಬಂದುಬಿಟ್ಟಿತು.

"ನಿಮ್ಗೂ ಅಷ್ಟೇ ಬಂದಿದೆ ಅತ್ತೆ."

"ಅಷ್ಟೇನಾ?" ಅತ್ತೆ ಹುಬ್ಬು ಗಂಟಿಕ್ಕಿದರು. "ನಂಗೊಂದು ಜಾಸ್ತಿ ಬರ್ಬೇಕಲ್ಲ. ಹೆರ್ಗೆ ರಜೆದ್ನ ಏಳ್ಕೊಟ್ಟಿದ್ದು ನಾನು ಕಣಮ್ಮಿ."