ಒಗ್ಗರಣೆಗೆ ಬಾರದ ಎಣ್ಣೆ

ಕಮೋಡಿನ ನೀರಿನ ಮೇಲೆ ಎಣ್ಣೆ ತೇಲುತ್ತಿದೆ ಎಂದು ನನ್ನ ಹೆಂಡತಿ ವತ್ಸಲಾ ಹೇಳಿದಾಗ ನಾನು ನಂಬಲಿಲ್ಲ. “ಕ್ಲೀನರ್ ಇರ್ಬೇಕು, ಸರಿಯಾಗಿ ನೀರು ಹಾಕಿಲ್ಲ” ಅಂದೆ. ಅವಳು ಸುಮ್ಮನೆ ಹೋಗಿ ಸಡಿಲವಾಗಿದ್ದ ಎರಡು ಬ್ಲೌಸುಗಳನ್ನು ಬಿಗಿ ಮಾಡಿಸಿಕೊಂಡು ಬಂದಳು. ಒಂದು ತಿಂಗಳಲ್ಲಿ ಕಣ್ಣು ಹಳದಿಯಾಯಿತು. ಆಮೇಲೆ ಸ್ಕ್ಯಾನ್, ಎಂಡೋಸ್ಕೋಪಿ, ಮತ್ತೆ ಸ್ಕ್ಯಾನ್.

ಪ್ಯಾಂಕ್ರಿಯಾಸಿನಲ್ಲಿ ಟ್ಯೂಮರ್.

ಡಾಕ್ಟರ್ ಆ ಮಾತು ಹೇಳಿದಾಗ ವತ್ಸಲಾ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇದು ನನಗೆ ಚೆನ್ನಾಗಿ ನೆನಪಿದೆ.

ಬಸವನಗುಡಿಯ ಕಾಲೇಜೊಂದರಲ್ಲಿ ನಾನು ಬಹಳ ವರ್ಷ ಕೆಮಿಸ್ಟ್ರಿ ಪಾಠ ಮಾಡಿದವನು. ಯಾರು ಏನು ಹೇಳಿದರೂ ಆಧಾರ ಕೇಳುವುದು ಅಭ್ಯಾಸ. ಜ್ಯೋತಿಷಿಯನ್ನು ಕೇಳಿದ್ದೇನೆ, ಡಾಕ್ಟರನ್ನು ಕೇಳಿದ್ದೇನೆ, ತರಕಾರಿಯವನನ್ನೂ ಬಿಟ್ಟಿಲ್ಲ. ನನ್ನ ನೆನಪಿಗೆ ಮಾತ್ರ ಒಮ್ಮೆಯೂ ಆಧಾರ ಕೇಳಿರಲಿಲ್ಲ.

ಆಪರೇಷನ್ ದೊಡ್ಡದು. ಪ್ಯಾಂಕ್ರಿಯಾಸಿನ ಒಂದು ಭಾಗ ಹೋಯಿತು, ಗಾಲ್‌ಬ್ಲಾಡರ್ ಹೋಯಿತು, ಕರುಳಿನ ಒಂದು ತುಂಡು ಹೋಯಿತು. ಐಸಿಯುನಲ್ಲಿ ಮೂರನೆಯ ದಿನ ವತ್ಸಲಾ ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದಳು: “ಪಕ್ಕದ ಬೆಡ್ ಮೇಲೆ ಯಾರೋ ಹಪ್ಪಳ ಒಣಹಾಕಿದಾರೆ. ನರ್ಸಿಗೆ ಹೇಳಿ, ಕಾಗೆ ಬರತ್ತೆ.” ಔಷಧಿಯ ಅಮಲಿನಲ್ಲಿ ಹೀಗಾಗುತ್ತದೆ ಎಂದು ಡಾಕ್ಟರ್ ಹೇಳಿದರು. ನಾನು ನಕ್ಕೆ. ಎರಡು ದಿನಕ್ಕೆ ಅವಳ ತಲೆ ತಿಳಿಯಾಯಿತು. ನನ್ನ ನಗು ಮಾತ್ರ ನಮ್ಮ ಜೊತೆ ಶಂಕರಪುರದ ಮನೆಗೂ ಬಂತು.

ಡಿಸ್ಚಾರ್ಜ್ ದಿನ ಡಾಕ್ಟರ್ ಸ್ಪಷ್ಟವಾಗಿ ಹೇಳಿದ್ದರು. “ಕೀಮೋ ಬೇಗ ಶುರು ಮಾಡ್ಬೇಕು ಸಾರ್. ಆದ್ರೆ ಈ ತೂಕದಲ್ಲಿ ತಡ್ಕೊಳಲ್ಲ. ನಲವತ್ತೈದಾದ್ರೂ ಬರ್ಲಿ.” ಅವಳು ಆಗ ನಲವತ್ನಾಲ್ಕು ಕೆಜಿ. ಬೇಕಾದದ್ದು ಒಂದೇ ಒಂದು ಕೆಜಿ.

ಆ ಒಂದು ಕೆಜಿಯನ್ನು ಅನ್ನದಿಂದ ತರುವುದು ಕಷ್ಟ. ಕೊಬ್ಬು ಬೇಕು. ತುಪ್ಪವನ್ನೋ ಕಡಲೆಕಾಯಿ ಎಣ್ಣೆಯನ್ನೋ ಕೊಟ್ಟರೆ ಹಾಗೇ ಹೊರಗೆ ಹೋಗುತ್ತದೆ. ಅವುಗಳ ಉದ್ದದ ಸರಪಳಿಗಳನ್ನು ಕತ್ತರಿಸಲು ಪ್ಯಾಂಕ್ರಿಯಾಸಿನ ರಸ ಬೇಕು, ಪಿತ್ತ ಬೇಕು. ಅವಳಲ್ಲಿ ಎರಡೂ ಕಡಿಮೆ. ಅದಕ್ಕೆ ಎನ್‌ಜೈಮ್ ಕ್ಯಾಪ್ಸೂಲ್ ಕೊಟ್ಟರು, ಜೊತೆಗೆ ಎಂಸಿಟಿ ಎಂಬ ಎಣ್ಣೆ. ತೆಂಗಿನೆಣ್ಣೆಯಂಥವನ್ನು ಒಡೆದು, ಮಧ್ಯಮ ಉದ್ದದ ಸರಪಳಿಗಳನ್ನಷ್ಟೇ ಆರಿಸಿ, ಮತ್ತೆ ಜೋಡಿಸಿ ಮಾಡಿದ್ದು. ಪಿತ್ತಕ್ಕೆ ಹೆಚ್ಚು ಕಾಯದೆ ಕರುಳಿನಿಂದ ನೇರ ಲಿವರಿಗೆ ಹೋಗುತ್ತದೆ. ಜೀರ್ಣಶಕ್ತಿ ಸೋತವರಿಗಾಗಿ ಯಾರೋ ಕೂತು ಯೋಚಿಸಿ ಕಟ್ಟಿದ ಕೊಬ್ಬು. ನನಗೆ ಬಹಳ ಇಷ್ಟವಾಯಿತು. ಡಯೆಟಿಷಿಯನ್ ಹುಡುಗಿ ವಿವರಿಸುತ್ತಿದ್ದಾಗ ನಾನು ಅವಳಿಗೇ ಅಣುವಿನ ಚಿತ್ರ ಬರೆದು ತೋರಿಸಿದೆ. ಅವಳು ಪಾಪ, ನಕ್ಕು, ಮುಂದುವರಿಸಿದಳು. ಏನೇನು ಹೇಳಿದಳು?

ನನ್ನ ನೆನಪಿನಲ್ಲಿ ಉಳಿದದ್ದು ಹೀಗೆ: ಮನೆಯ ಎಣ್ಣೆಯ ಬದಲು ಇದು, ದಿನಕ್ಕೆ ಆರು ಚಮಚ.

ಅಡಿಗೆಮನೆ ನನ್ನದಾಗಿತ್ತು. ಬಾಣಲೆಗೆ ಎಂಸಿಟಿ ಸುರಿದು ಸಾಸಿವೆ ಹಾಕಿದೆ. ಸಾಸಿವೆ ಸಿಡಿಯುವ ಮೊದಲೇ ಹೊಗೆ ಎದ್ದಿತು, ನೊರೆ ಬಂತು. ಅದೇ ಒಗ್ಗರಣೆಯನ್ನು ಸಾರಿಗೆ ಸುರಿದೆ.

ವತ್ಸಲಾ ಎರಡು ತುತ್ತು ತಿಂದಳು. “ರೀ, ಇದನ್ನ ಕಾಯಿಸ್ಬೇಡಿ ಅಂದಿದ್ರು ಆ ಹುಡುಗಿ. ಮೇಲಿಂದ ಹಾಕ್ಕೊಳಕ್ಕೆ ಹೇಳಿದ್ರು. ಮೊದಲು ಸ್ವಲ್ಪ ಸ್ವಲ್ಪ.”

“ಹಪ್ಪಳ ಒಣಹಾಕಿದ್ರಲ್ಲ, ಅವತ್ತು ಕೇಳಿಸಿರ್ಬೇಕು ನಿಂಗೆ” ಅಂದೆ.

ತಮಾಷೆಗೆ ಅಂದದ್ದು. ಅವಳು ಮೂರನೆಯ ತುತ್ತು ಕಲೆಸಿಕೊಂಡಳು.

ಮೂರು ವಾರ ಹೀಗೇ ನಡೆಯಿತು. ಹೊಟ್ಟೆ ಹಿಂಡುವ ನೋವು, ಭೇದಿ. ಗಂಟಲು ಉರಿ ಅನ್ನುತ್ತಿದ್ದಳು. ಆಮೇಲೆ ಅದನ್ನೂ ಅನ್ನಲಿಲ್ಲ. ಮಲ್ಲೇಶ್ವರದಿಂದ ಅವಳ ಅಕ್ಕ ಸಾವಿತ್ರಿ ಒಂದು ಬಾಟಲಿ ತೆಂಗಿನೆಣ್ಣೆ ಹಿಡಿದುಕೊಂಡು ಬಂದರು.

“ಏನ್ ಮೇಷ್ಟ್ರೇ, ಇದರಲ್ಲೇ ತಾನೇ ನಿಮ್ಮ ಔಷಧಿ ಮಾಡೋದು? ಇದನ್ನೇ ಹಾಕಿ. ಮನೇಲಿ ಈ ಹೊಗೆ ಏನು, ಹೋಮ ಮಾಡ್ತಿದೀರಾ?”

“ಎರಡೂ ಒಂದೇ ಅಲ್ಲ ಅತ್ತಿಗೆ” ಎಂದು ಶುರು ಮಾಡಿ ಅರ್ಧ ಗಂಟೆ ಪಾಠ ಮಾಡಿದೆ. ನಾನು ಹೇಳಿದ್ದೆಲ್ಲ ಸರಿಯಾಗಿತ್ತು. ಹೊಗೆ ಯಾಕೆ ಎಂಬ ಪ್ರಶ್ನೆಗೆ ಮಾತ್ರ ನಾನು ಉತ್ತರ ಹೇಳಲಿಲ್ಲ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬ ಹಾಗೆ ಹೊಗೆ ಎಬ್ಬಿಸಿದ್ದರೆ ಬರ್ನರ್ ಆರಿಸಿ ಕಾರಣ ಕೇಳುತ್ತಿದ್ದೆ.

ಮುಂದಿನ ಭೇಟಿಯಲ್ಲಿ ತೂಕ ನಲವತ್ತೊಂದು.

ಕೀಮೋ ಮುಂದಕ್ಕೆ ಹೋಯಿತು.

ನಾನು ಡಯೆಟಿಷಿಯನ್ ಮುಂದೆ ಕೂತು, ಈ ಎಣ್ಣೆ ಕೆಲಸ ಮಾಡುತ್ತಿಲ್ಲ, ನಿಲ್ಲಿಸೋಣ ಅಂದೆ. ಅವಳು ಕೇಳಿದಳು: “ಒಗ್ಗರಣೆಗೆ ಹಾಕ್ತಿಲ್ಲ ಅಲ್ವಾ ಸಾರ್?”

“ಹಾಕ್ಬಾರ್ದು ಅಂತ ನೀವು ಹೇಳ್ಲಿಲ್ಲವಲ್ಲ.”

“ಹೇಳಿದ್ದೆ ಸಾರ್. ನೀವು ಬರ್ಕೊಂಡ್ರಿ.”

ನಾನು ಬಾಯಿ ತೆರೆಯುವ ಮೊದಲು ವತ್ಸಲಾ ಹೇಳಿದಳು: “ಅದು ನಾನು ಮರ್ತೆ ಮೇಡಂ. ಇವರಿಗೆ ಹೇಳೋದು ಬಿಟ್ಟುಹೋಯ್ತು.”

ನಾನು ಅಲ್ಲಗಳೆಯಲಿಲ್ಲ. ಇದನ್ನು ಬರೆಯಲೇಬೇಕು. ಆ ಕುರ್ಚಿಯಲ್ಲಿ ಕೂತು, ನಲವತ್ತೊಂದು ಕೆಜಿಯ ಹೆಂಗಸು ನನ್ನ ತಪ್ಪನ್ನು ಹೊತ್ತುಕೊಳ್ಳಲು ಬಿಟ್ಟೆ.

ಮನೆಗೆ ಬಂದು ಫೈಲು ಹುಡುಕಿದೆ. ಬ್ಲಡ್ ಟೆಸ್ಟ್ ಬಿಲ್ಲಿನ ಹಿಂದೆ, ನಾನು ಬರೆದ ಅಣುವಿನ ಚಿತ್ರದ ಕೆಳಗೆ, ನನ್ನದೇ ಅಕ್ಷರ: ‘ಊಟಕ್ಕೆ 1 ಚಮಚ, ನಿಧಾನ ಏರಿಸು. ಕಾಯಿಸಬಾರದು. ಒಗ್ಗರಣೆಗೆ ಬೇಡ.’ ಒಗ್ಗರಣೆಯ ಕೆಳಗೆ ಎರಡು ಗೆರೆ ಎಳೆದಿದ್ದೆ. ಎಳೆದ ನೆನಪು ಇಂದಿಗೂ ಬಂದಿಲ್ಲ.

ಅವಳಿಗೆ ತೋರಿಸಿದೆ.

“ಸುಮ್ನಿದ್ದೆ ಯಾಕೆ ವತ್ಸಲಾ?”

“ಮೊದಲು ಗೊತ್ತಿತ್ತು ರೀ. ನೀವು ಅಷ್ಟು ಗಟ್ಟಿಯಾಗಿ ಹೇಳಿದ್ಮೇಲೆ ನಂಗೇ ಅನುಮಾನ ಬಂತು. ಹಪ್ಪಳಾನೂ ನಂಗೆ ಅಷ್ಟೇ ಚೆನ್ನಾಗಿ ಕಂಡಿತ್ತಲ್ಲ.”

ಮರುದಿನದಿಂದ ಅವಳು ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಸಾಸಿವೆ, ಜೀರಿಗೆ, ಕರಿಬೇವನ್ನು ಎಣ್ಣೆಯಿಲ್ಲದೆ ಹುರಿಸಿದಳು, ಇಂಗು ಸೇರಿಸಿ ಕುಟ್ಟಿಸಿದಳು, ಒಲೆ ಆರಿಸಿದ ಮೇಲೆ ಸಾರಿಗೆ ಹಾಕಿಸಿದಳು. ಎಂಸಿಟಿಯನ್ನು ತುಪ್ಪದ ಮಿಳ್ಳೆಯಲ್ಲಿ ಬಿಸಿ ಅನ್ನದ ಮೇಲೆ ಬಡಿಸಿದೆ. ಆ ಪುಟ್ಟ ಸೌಟಿನಲ್ಲಿ ಎಷ್ಟು ಹಿಡಿಯುತ್ತದೆ ಎಂದು ಸಿರಿಂಜಿನಿಂದ ಅಳೆದು ನೋಡಿದ್ದೆ: ಸರಿಯಾಗಿ ಒಂದು ಟೀಚಮಚ. ವಾಸನೆಯಿಲ್ಲದ ಎಣ್ಣೆ. ಅವಳು ಕಲೆಸಿ ತಿಂದಳು. “ತುಪ್ಪ ಅಲ್ಲ. ಆದ್ರೆ ಊಟ ಅನ್ನಿಸ್ತಿದೆ” ಅಂದಳು. ಚಮಚಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆಯುವ ಕೆಲಸವೂ ಅವಳದಾಯಿತು. ನಾನು ಓದಿಕೊಂಡು ಬಡಿಸುತ್ತೇನೆ.

ಭೇದಿ ನಿಧಾನವಾಗಿ ನಿಂತಿತು. ತೂಕ ನಲವತ್ತೈದಕ್ಕೆ ಬರಲು ಏಳು ವಾರ ಬೇಕಾಯಿತು. ಕೀಮೋದ ಮೊದಲ ಸೈಕಲ್ ಕಳೆದ ಸೋಮವಾರ ಆಯಿತು. ತಡವಾದದ್ದರಿಂದ ಏನಾದರೂ ಕೆಡುಕಾಗಿದೆಯೇ ಎಂದು ಡಾಕ್ಟರನ್ನು ಪ್ರತ್ಯೇಕವಾಗಿ ಕೇಳಿದೆ. “ಹೇಳಕ್ಕಾಗಲ್ಲ ಸಾರ್” ಅಂದರು. ಅದಕ್ಕೆ ಆಧಾರ ಕೇಳಲು ನನಗೆ ಧೈರ್ಯವಾಗಲಿಲ್ಲ. ಆ ವಾರಗಳು ಏನು ಮಾಡಿವೆಯೋ ಗೊತ್ತಿಲ್ಲದೆಯೇ ನಾನು ದಿನಾ ಅನ್ನ ಬಡಿಸಬೇಕು.

ಇಷ್ಟು ಬರೆದು ಅವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

“ಟ್ಯೂಮರ್ ಅಂದ ದಿನ ನಾನು ಕೈ ಹಿಡ್ಕೊಂಡೆ ಅಂತ ಬರ್ದಿದೀರ.”

“ಹಿಡ್ಕೊಂಡಿದ್ಯಲ್ಲ.”

“ಹಿಡ್ಕೊಂಡಿದ್ದು ನೀವು. ಬಳೆ ನೋಡಿ.”

ಎಡಗೈಯ ಚಿನ್ನದ ಬಳೆ ಒಂದು ಕಡೆ ಬಗ್ಗಿತ್ತು. ನಾನು ಅದನ್ನು ಈವರೆಗೆ ಗಮನಿಸಿರಲಿಲ್ಲ. ಅವಳು ಕೈ ಎತ್ತಿದಾಗ ಬಳೆ ಜಾರಿ ಮೊಳಕೈ ಮುಟ್ಟುವ ಸ್ವಲ್ಪ ಮೊದಲೇ ನಿಂತಿತು. ತೂಕ ಇಳಿದಿದ್ದಾಗ ಮೊಳಕೈಯನ್ನೇ ಮುಟ್ಟುತ್ತಿತ್ತು ಎಂದು ನನಗೆ ಅನ್ನಿಸಿತು. ನಿಜವೋ ನನ್ನ ಆಸೆಯೋ ತಿಳಿಯಲಿಲ್ಲ. ಅವಳನ್ನೇ ಕೇಳಿದೆ.

ಅವಳು ಬಳೆಯನ್ನು ಮೇಲೆ ಕೆಳಗೆ ಸರಿಸಿ ನೋಡಿದಳು.

“ಒಂದು ಬೆರಳಷ್ಟು ಇರ್ಬಹುದು” ಅಂದಳು. “ಜಾಸ್ತಿ ಬರೀಬೇಡಿ.”